ಸುಣ್ಣದ ಡೈನೋಸಾರ್

ಸೆಪ್ಟೆಂಬರ್ 7, ರವಿವಾರ

ಇದನ್ನು ಕನ್ನಡದಲ್ಲಿ ಬರೆಯೋಕೆ ಒಂದೇ ಕಾರಣ. ಇಂಗ್ಲಿಷಿನಲ್ಲಿ ಬರೆದರೆ ರೂಮ್‌ಮೇಟ್ ಕೌಶಲ್ ಓದುತ್ತಾನೆ. ಹೋದ ವಾರ ನನ್ನ ನೋಟ್‌ಬುಕ್ಕಿನಲ್ಲಿ ‘ಉಸಿರಾಟದ ಎಕ್ಸರ್‌ಸೈಜ್, ದಿನಕ್ಕೆ ಎರಡು ಸಲ’ ಅಂತ ಇದ್ದದ್ದನ್ನು ಓದಿ ಇಡೀ ಮೆಸ್ಸಿಗೆ ಹೇಳಿದ. ಈಗ ಹೈದರಾಬಾದ್ ಅಮೀರ್‌ಪೇಟ್‌ನ ಈ ಹಾಸ್ಟೆಲಿನಲ್ಲಿ ನನ್ನನ್ನು ಕಂಡವರೆಲ್ಲ ಎದೆ ಉಬ್ಬಿಸಿ ಉಸಿರು ಎಳೆದು ತೋರಿಸುತ್ತಾರೆ.

ಆರನೇ ಕ್ಲಾಸಿನಿಂದ ಹಾಸ್ಟೆಲ್ ನನಗೆ. ನನ್ನ ಕನ್ನಡ ರಜೆಯ ಕನ್ನಡ. ಅರ್ಧ ಅಮ್ಮನದು, ಅರ್ಧ ಟೆಕ್ಸ್ಟ್‌ಬುಕ್ಕಿನದು. ಅಷ್ಟಕ್ಕೇ ಈಗ ಸಿಕ್ಕಿಬಿದ್ದಿದ್ದೇನೆ.

ವಿಷಯ ಇಷ್ಟು. ಫಸ್ಟ್ ಇಯರಿನವರೆಲ್ಲ ಅರವತ್ತು ತಾಸು ಸಮಾಜಸೇವೆ ಮಾಡಬೇಕು. ಮಾಡದಿದ್ದರೆ ಕ್ರೆಡಿಟ್ ಇಲ್ಲ. ಕ್ರೆಡಿಟ್ ಇಲ್ಲದಿದ್ದರೆ ಸೆಮಿಸ್ಟರ್ ಬ್ಯಾಕ್. ಬ್ಯಾಕ್ ಬಿದ್ದವರಿಗೆ ಹಾಸ್ಟೆಲ್ ಸೀಟ್ ಇಲ್ಲ. ಸೀಟ್ ಇಲ್ಲದಿದ್ದರೆ ಕಲಬುರಗಿಗೆ ವಾಪಸ್, ಅಪ್ಪನ ಮುಖ ನೋಡಿಕೊಂಡು. ಕೋಆರ್ಡಿನೇಟರ್ ಸ್ನೇಹಲತಾ ಮ್ಯಾಮ್ ಲಿಸ್ಟ್ ನೋಡಿ, “ಬಸವಕಿರಣ, ಯು ನೋ ಕನ್ನಡ, ನೋ?” ಅಂದರು. ಹೌದು ಅಂದೆ. ಉಳಿದವರೆಲ್ಲ ಗಿಡ ನೆಡೋಕೆ ಹೋದರು, ನಾನು ಸನತ್‌ನಗರಕ್ಕೆ.

ಅಲ್ಲಿ ಒಂದು ಅಪಾರ್ಟ್‌ಮೆಂಟ್ ಏಳುತ್ತಿದೆ. ಕಟ್ಟುವವರೆಲ್ಲ ರಾಯಚೂರು ಕಡೆಯವರು, ಸೈಟಿನ ಪಕ್ಕದಲ್ಲೇ ತಗಡಿನ ಶೆಡ್ಡುಗಳಲ್ಲಿ ಇದ್ದಾರೆ. ಅವರ ಮಕ್ಕಳು ಹನ್ನೊಂದು, ಐದರಿಂದ ಎಂಟು ವರ್ಷದೊಳಗಿನವರು. ಆ ಮಕ್ಕಳಿಗೆ ಪ್ರತಿ ರವಿವಾರ ಒಂಬತ್ತರಿಂದ ಒಂದರವರೆಗೆ ನಾನು ಡೈನೋಸಾರ್ ಪರಿಚಯ ಮಾಡಿಸಬೇಕು. ಡೈನೋಸಾರೇ ಯಾಕೆ? ಯಾರೋ ಕಾಲೇಜಿಗೆ ಒಂದು ಕಿಟ್ ದಾನ ಕೊಟ್ಟಿದ್ದಾರೆ, ಅದಕ್ಕೆ. ರಬ್ಬರಿನ ಹನ್ನೆರಡು ಡೈನೋಸಾರ್ ಮತ್ತು ಒಂದು ಕಟ್ಟು ಇಂಗ್ಲಿಷ್ ಕಾರ್ಡು. ನಾನು ಸಹಿ ಹಾಕಿ ತಗೊಂಡಿದ್ದೇನೆ. ಡಿಸೆಂಬರ್ 14ಕ್ಕೆ ಮ್ಯಾಮ್ ಬಂದು ವಿಡಿಯೋ ಮಾಡುತ್ತಾರಂತೆ: ಒಂದೊಂದು ಮಗು ಒಂದೊಂದು ಡೈನೋಸಾರ್ ಹಿಡಿದು ಇಂಗ್ಲಿಷಿನಲ್ಲಿ ಮೂರು ವಾಕ್ಯ ಹೇಳಬೇಕು. ಆಮೇಲೆ ಕಿಟ್ ವಾಪಸ್, ನನ್ನ ಹಾಳೆಗೆ ಸಹಿ.

ಹದಿನೈದು ರವಿವಾರ, ನಾಲ್ಕು ನಾಲ್ಕು ತಾಸು. ಒಂದೂ ತಪ್ಪಿಸುವ ಹಾಗಿಲ್ಲ. ಮೂರು ಸಲ ಗುಣಿಸಿ ನೋಡಿದೆ.

ಇವತ್ತಿನ ಪಾಠ ಸಿಮೆಂಟ್ ಚೀಲ ಇಡುವ ತಗಡಿನ ಕೋಣೆಯಲ್ಲಿ ಆಯಿತು. ಹನ್ನೊಂದು ಬಾಯಿ ಒಮ್ಮೆಗೇ. “ಸೈಲೆನ್ಸ್!” ಅಂದೆ. “ಸೈಲೆನ್ಸ್!” ಅಂತ ಹನ್ನೊಂದು ಮಂದಿಯೂ ಕೂಗಿದರು. ಅದನ್ನೇ ಪಾಠ ಅಂದುಕೊಂಡು ಕಾಲು ತಾಸು ಕೂಗಿದರು. ಹುಸೇನಪ್ಪ ಅಂತ ಒಬ್ಬ, ಐದು ವರ್ಷ, ಟಿ-ರೆಕ್ಸಿನ ಬಾಲ ಬಾಯಿಗಿಟ್ಟು ಕಚ್ಚಿದ. ಹಲ್ಲಿನ ಗುರುತು ಬಿದ್ದಿದೆ. ಕಿಟ್ ವಾಪಸ್ ಕೊಡುವಾಗ ಏನು ಹೇಳಲಿ?

4/60.

ಸೆಪ್ಟೆಂಬರ್ 14, ರವಿವಾರ

ಟಿ-ರೆಕ್ಸ್ ಕಾರ್ಡ್. ಮಾಂಸ ತಿನ್ನುತ್ತೆ, ದೊಡ್ಡ ಹಲ್ಲು, ಸಣ್ಣ ಕೈ. ಸಣ್ಣ ಕೈ ಅಂದಿದ್ದೇ ತಪ್ಪಾಯಿತು. ಗುರುದೇವಿ ಎದ್ದು ನಿಂತಳು. ಇವಳು ಹಂಪಯ್ಯ ಅನ್ನೋ ಮೇಸ್ತ್ರಿಯ ಮೊಮ್ಮಗಳು. ಏಳು ವರ್ಷ, ಎರಡು ಜಡೆ, ಬಾಯಿಗೆ ಬ್ರೇಕ್ ಇಲ್ಲ.

“ಸರ್ರ, ಕೈ ಯಾಕ ಇಷ್ಟ ಗಿಡ್ಡ ಅದಾವ?”

“ಯಾಕೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ.”

“ಗೊತ್ತಿಲ್ಲದ ಕಲಸಾಕ ಬಂದೀರಿ?”

“ಗುರುದೇವಿ, ಸಿಟ್ ಡೌನ್.”

“ಮತ್ತ ಇದು ಉಣ್ಣೂದು ಹೆಂಗ?”

“ನೇರ ಬಾಯಿಂದಲೇ.”

“ಮತ್ತ ತೊಳಕೊಳ್ಳೂದು ಹೆಂಗ?”

ಹನ್ನೊಂದು ಮಂದಿ ಸಿಮೆಂಟ್ ಚೀಲದ ಮೇಲೆ ಉರುಳಾಡಿ ನಕ್ಕರು. ಇಪ್ಪತ್ತು ನಿಮಿಷ ಹೋಯಿತು. ಇದಕ್ಕೆ ಕಾರ್ಡಿನಲ್ಲಿ ಉತ್ತರ ಇಲ್ಲ.

8/60.

ಸೆಪ್ಟೆಂಬರ್ 28, ರವಿವಾರ

ಮೂರು ಕೊಂಬಿನದನ್ನು ಎಮ್ಮೆ ಅಂತಾರೆ. ಎಮ್ಮೆ ಅಲ್ಲ ಅಂದರೆ, “ಹಾಲು ಕೊಡಂಗಿಲ್ಲೇನ್ರಿ?” ಕೊಡಲ್ಲ ಅಂದೆ. “ಮತ್ತ ಯಾಕ ಸಾಕಿದ್ರು?” ಯಾರೂ ಸಾಕಿರಲಿಲ್ಲ, ಆಗ ಮನುಷ್ಯರೇ ಇರಲಿಲ್ಲ ಅಂದೆ. ಅದನ್ನು ಒಬ್ಬರೂ ನಂಬಲಿಲ್ಲ. ಸಾಕ್ಷಿಗೆ ಮೇಸ್ತ್ರಿಯನ್ನೇ ಎಳಕೊಂಡು ಬಂದರು. ಆತ ಬೀಡಿ ಆರಿಸಿ, ರಬ್ಬರ್ ಎಮ್ಮೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಭಾಳ ಗಂಭೀರವಾಗಿ, “ನಾ ಹುಟ್ಟೂದ್ರಾಗ ಹೋಗಿದ್ದವು” ಅಂದ.

ಆತ ಹೇಳಿದ ಮೇಲೆ ನಂಬಿದರು. ನಾನು ಕಾಲೇಜಿನಲ್ಲಿ ಜಿಯಾಲಜಿ ಓದುತ್ತಿದ್ದೇನೆ.

16/60. ಇನ್ನೂ 44.

ಅಕ್ಟೋಬರ್ 12, ರವಿವಾರ

ಇವತ್ತು ನನಗೆ ನಿಜವಾಗಿ ಗೊತ್ತಿರುವ ವಿಷಯ ಹೇಳೋಣ ಅಂದುಕೊಂಡೆ. ಸತ್ತ ಪ್ರಾಣಿಯನ್ನು ಕೆಸರು ಬೇಗ ಮುಚ್ಚಿಬಿಟ್ಟರೆ ಅದರ ಎಲುಬು ಕಲ್ಲಾಗಿ ಉಳಿಯುತ್ತೆ, ಆರೂವರೆ ಕೋಟಿ ವರ್ಷ ಆದಮೇಲೂ ಯಾರಾದರೂ ಅಗೆದರೆ ಸಿಗುತ್ತೆ ಅಂದೆ. ಮೊದಲ ಸಲ ಸುಮಾರು ಸುಮ್ಮನಿದ್ದರು. ಅಗೆಯೋದು ಅಂದರೆ ಅವರಿಗೆ ಗೊತ್ತು. ಇವರ ಅಪ್ಪ ಅವ್ವ ಮಾಡೋದೇ ಅದು.

“ಇಲ್ಲಿ ಅಗದ್ರ ಸಿಗತಾವೇನ್ರಿ?” ಅಂದಳು ಗುರುದೇವಿ.

ಖುಷಿಯಲ್ಲಿ ಪೂರ್ತಿ ಉತ್ತರ ಕೊಟ್ಟೆ. ಇಲ್ಲ, ಸಿಗಲ್ಲ. ಆದಿಲಾಬಾದ್ ಕಡೆ ಗೋದಾವರಿ ಬಯಲಿನಲ್ಲಿ ಸಿಕ್ಕಿವೆ. ಹೈದರಾಬಾದಿನ ನೆಲ ಗ್ರಾನೈಟ್, ಡೈನೋಸಾರಿಗಿಂತ ಇನ್ನೂರು ಕೋಟಿ ವರ್ಷ ಹಳೆಯದು, ಇದರಲ್ಲಿ ಎಲುಬು ಇರೋದಕ್ಕೆ ಸಾಧ್ಯವೇ ಇಲ್ಲ.

“ಎಂದೂ?”

“ಎಂದೂ.”

“ನಮ್ಮ ಮುತ್ಯಾ ದಿನಾ ಅಗಸ್ತಾನ್ರಿ.”

“ನಿಮ್ಮ ಅಜ್ಜ ಎಷ್ಟು ಅಗೆಸಿದರೂ ಅಷ್ಟೇ.”

ಎಲ್ಲರ ಮುಖ ಇಳಿದುಹೋಯಿತು. ಆಮೇಲೆ ಯಾರೂ ಕಾರ್ಡ್ ನೋಡಲಿಲ್ಲ. ಹುಸೇನಪ್ಪ ಸಿಮೆಂಟ್ ಚೀಲದ ಮೇಲೆ ನಿದ್ದೆ ಹೋದ. ನಿಜ ಹೇಳಿದ್ದಕ್ಕೆ ಈ ಗತಿ.

24/60.

ಅಕ್ಟೋಬರ್ 26

ಜ್ವರ 101. ಆದರೂ ಹೋದೆ. 32/60.

ನವೆಂಬರ್ 9, ರವಿವಾರ

ದೇವರೇ.

ಎರಡು ತಿಂಗಳಾಯಿತು. ಮೂರು ವಾಕ್ಯ ಇನ್ನೂ ಬಾಯಿಗೆ ಹತ್ತಿಲ್ಲ, ಅದು ಇರಲಿ. ಇವತ್ತು ಹುಸೇನಪ್ಪ ಉದ್ದ ಕತ್ತಿನ ಡೈನೋಸಾರ್ ಅಂಗೈ ಮೇಲೆ ಇಟ್ಟುಕೊಂಡು ಕೇಳಿದ: “ಸರ್ರ, ಇದರ ಮರಿ ಇನ್ನೂ ಸಣ್ಣದಿರತೈತೇನ್ರಿ? ಇರಬಿಯಷ್ಟು?”

ಇರುವೆಯಷ್ಟು ಮರಿ! ಎಲ್ಲರನ್ನೂ ಕೇಳಿದೆ, ಡೈನೋಸಾರ್ ಎಷ್ಟು ದೊಡ್ಡದು ಅಂತ. ಹನ್ನೊಂದು ಮಂದಿ ಹನ್ನೊಂದು ಅಂಗೈ ತೋರಿಸಿದರು. “ಇಷ್ಟ ಐತ್ರಿ.” ಎರಡು ತಿಂಗಳಿಂದ ನಾನು ಇವರಿಗೆ ಯಾವುದೋ ಜಾತಿ ಹಲ್ಲಿಯ ಪಾಠ ಮಾಡುತ್ತಿದ್ದೇನೆ!

ದೊಡ್ಡದು, ಭಾಳ ದೊಡ್ಡದು ಅಂದೆ. “ಎಷ್ಟ ಫೂಟ?” ಅಂದಳು ಗುರುದೇವಿ. ಇವರಿಗೆ ‘ಬಹಳ’ ಅನ್ನೋದು ಅಳತೆಯೇ ಅಲ್ಲ. ಉದ್ದ ಮೂವತ್ತು ಫೂಟು ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಮ್ಮ ಶೆಡ್ಡ ಹತ್ತ ಫೂಟ ಐತ್ರಿ” ಅಂದಳು, ಸುಳ್ಳು ಹೇಳುವವನಿಗೆ ಒಂದು ಅವಕಾಶ ಕೊಡುವ ಹಾಗೆ.

ರೂಮಿಗೆ ಬಂದು ಕೌಶಲ್‌ಗೆ ಹೇಳಿದೆ. “ಲೈಟ್ ಲೇ ಮಾಮಾ”, ತಲೆ ಕೆಡಿಸಿಕೊಳ್ಳಬೇಡ, ಅಂದು ಹೊಟ್ಟೆ ಹಿಡಿದು ನಕ್ಕ. ಇವನಿಗೆ ಯಾಕೆ ಹೇಳಿದೆನೋ.

40/60.

ನವೆಂಬರ್ 16, ರವಿವಾರ

ಇವತ್ತು ಸುಸ್ತು, ಆದರೆ ಬರೆಯಲೇಬೇಕು.

ಬೆಳಿಗ್ಗೆ ಮೇಸ್ತ್ರಿ ಹತ್ತಿರ ಹೋಗಿ, ಮಕ್ಕಳಿಗೆ ಡೈನೋಸಾರ್ ಎಷ್ಟು ದೊಡ್ಡದು ಅಂತ ತೋರಿಸಬೇಕು, ನೆಲದ ಮೇಲೆ ಬರೆಯೋಕೆ ಚಾಕ್‌ಪೀಸ್ ಇದೆಯಾ ಅಂದೆ. ಆತ ನಕ್ಕ. “ಚಾಕ್‌ಪೀಸಲೆ ನೆಲದ ಮ್ಯಾಲ ಬರೀತಾರೇನ್ರಿ ಮಾಸ್ತರ?” ಒಳಗಿಂದ ಒಂದು ಡಬ್ಬಿ ಸುಣ್ಣದ ಪುಡಿ, ಒಂದು ಉಂಡೆ ದಾರ, ಟೇಪು ತಂದುಕೊಟ್ಟ. ಪಾಯ ತೋಡುವ ಮುಂಚೆ ಗುರುತು ಹಾಕೋದು ಇದರಿಂದಲೇ ಅಂತೆ. ಸೈಟಿನ ಮುಂದುಗಡೆ, ಪಾರ್ಕಿಂಗ್ ಆಗಲಿರುವ ಜಾಗ, ಬಯಲು ಬಿದ್ದಿದೆ. ಅಲ್ಲಿ ಬರಕೊಳ್ರಿ ಅಂದ.

ನಾನು ಕಾರ್ಡ್ ಹಿಡಿದುಕೊಂಡು ಎಲ್ಲಿಂದ ಶುರು ಮಾಡಲಿ ಅಂತ ನಿಂತಿದ್ದೆ. ಅಷ್ಟರಲ್ಲಿ ಗುರುದೇವಿ ಎರಡು ಗೂಟ ಹೊಡೆದು ದಾರ ಎಳೆಸಿದ್ದಳು! “ಏ, ಸಡ್ಲ ಐತಿ, ಬಿಗಿ ಹಿಡಿಯಲೇ! ಸರ್ರ, ನೀವು ದಾರದ ಮ್ಯಾಲ ನಿಂತೀರಿ, ಸರೀರಿ!” ಇವರಿಗೆ ಎ ಬಿ ಸಿ ಬರೋಲ್ಲ, ದಾರ ಹಿಡಿದು ಮೂವತ್ತು ಫೂಟು ಅಳೆಯೋಕೆ ಬರುತ್ತೆ. ಒಬ್ಬಳು ಮುಷ್ಟಿಯಲ್ಲಿ ಸುಣ್ಣ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಗೆರೆ ಬಿಡುತ್ತಾಳೆ, ರಂಗೋಲಿ ಹಾಕಿದ ಹಾಗೆ. ಬಾಲ ನೆಟ್ಟಗೆ ಬಂತು. ಹೊಟ್ಟೆ ದುಂಡಗೆ ಬಂತು. ಕುತ್ತಿಗೆ ಸ್ವಲ್ಪ ಡೊಂಕು, ಅದು ನಾನು ಹಾಕಿದ್ದು. ಕಣ್ಣಿಗೆ ಹುಸೇನಪ್ಪ ಒಂದು ಬೋಗುಣಿ ಬೋರಲು ಹಾಕಿ ಸುತ್ತ ಸುಣ್ಣ ಸುರಿದ.

ಆಮೇಲೆ ಎಲ್ಲರೂ ಅದರ ಹೊಟ್ಟೆಯೊಳಗೆ ಕೂತರು. ಹನ್ನೊಂದು ಮಂದಿ ಕೂತು ಇನ್ನೂ ಜಾಗ ಇತ್ತು. ಹುಸೇನಪ್ಪನ ಅವ್ವ ಗುಂಡಮ್ಮ ನೀರು ಹೊತ್ತು ಬಂದವಳು ನಿಂತು ನೋಡಿ, “ಎವ್ವಾ, ಇದು ಬಂದ್ರ ನಮ್ಮ ಶೆಡ್ಡೆಲ್ಲ ಬಾಲದ ಒಂದ ಏಟಿಗೆ ಹೋಗ್ತಾವ” ಅಂದಳು. ಗುರುದೇವಿ ತಲೆಯಿಂದ ಬಾಲದ ತುದಿವರೆಗೆ ನಡೆದಳು, ವಾಪಸ್ ನಡೆದಳು.

ಹೊರಡುವಾಗ ಮೇಸ್ತ್ರಿ ಏನೋ ಹೇಳಿದ, ಸಂಜಿಯೊಳಗ ಎಂಥದೋ. ಹೂಂ ಅಂದೆ. ನಾಳೆ ಇಂಟರ್ನಲ್ ಪರೀಕ್ಷೆ ಇದೆ, ಒಂದೂ ಹತ್ತರ ಬಸ್ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

44/60.

ನವೆಂಬರ್ 17, ಸೋಮವಾರ

ನಡೆದದ್ದನ್ನು ಸಾಲಾಗಿ ಬರೆಯಬೇಕು.

ಹತ್ತೂವರೆಗೆ ಇಂಟರ್ನಲ್ ಮುಗಿಸಿ ಫೋನ್ ನೋಡಿದರೆ ಗುಂಡಮ್ಮನ ಆರು ಮಿಸ್ಡ್ ಕಾಲ್. ವಾಪಸ್ ಮಾಡಿದೆ. ಪಿಸುಮಾತಿನಲ್ಲಿ, “ಸರ್ರ, ನಿಮ್ಮ ಪ್ರಾಣಿ ತೆಗ್ಗು ಆಗೈತಿ” ಅಂದಳು. ಏನೂ ತಿಳಿಯಲಿಲ್ಲ. “ಬರ್ರಿ. ಏನೂ ಮಾತಾಡಬ್ಯಾಡ್ರಿ. ಹಿಂದಿನ ಬಾಗಲಾಗ ಬಂದು ನಿಮ್ಮ ರಬ್ಬರ್ ಡಬ್ಬಿ ತಗೊಂಡು ಸುಮ್ಮ ಹೋಗಿಬಿಡ್ರಿ. ಇಂಜಿನಿಯರ ನೋಡಿದ್ರ ನಿಮ್ಮ ಕಾಲೇಜಿಗೆ ಹೇಳ್ತಾನ.”

ಹೋಗಿ ನೋಡಿದೆ. ನಿಜವಾಗಿಯೂ ತೆಗ್ಗು, ದೊಡ್ಡ ಹೊಂಡ.

ಇವತ್ತು ಸೈಟಿನ ಹಿಂದುಗಡೆ ನೀರಿನ ಸಂಪು ತೋಡೋಕೆ ಜೆಸಿಬಿ ಬರೋದಿತ್ತಂತೆ. ಆಪರೇಟರ್ ಹೊಸಬ. ನಸುಕಿನಲ್ಲೇ ಬಂದಿದ್ದಾನೆ, ಸುಣ್ಣ ಇರುವ ಕಡೆ ತೋಡು ಅಂತ ಯಾರೋ ಹೇಳಿದ್ದಾರೆ. ಹಿಂದುಗಡೆ ಗುರುತು ಇನ್ನೂ ಹಾಕಿರಲಿಲ್ಲ. ಸುಣ್ಣ ಎಲ್ಲಿತ್ತು? ಮುಂದೆ! ದುಂಡನೆ ಹೊಟ್ಟೆ ನೋಡಿ ಸಂಪು ಅಂದುಕೊಂಡ. ನೆಟ್ಟನೆ ಬಾಲ ನೋಡಿ ಅದರ ಪೈಪ್‌ಲೈನ್ ಅಂದುಕೊಂಡ. ಹೊಟ್ಟೆ ಎದೆಮಟ್ಟ, ಬಾಲ ಸೊಂಟಮಟ್ಟ ತೋಡಿ ಕುತ್ತಿಗೆಗೆ ಬಂದಾಗ ಕಣ್ಣು ಕಂಡಿತಂತೆ. ಅಲ್ಲಿಗೆ ಗಾಡಿ ನಿಲ್ಲಿಸಿ ಇಳಿದುಬಿಟ್ಟ.

ಹೊಂಡದ ಈ ಕಡೆ ಸೈಟ್ ಇಂಜಿನಿಯರ್ ಚಂದ್ರಹಾಸ ಸರ್, ಆ ಕಡೆ ಹಂಪಯ್ಯ. ಹಂಪಯ್ಯ ತಲೆಯ ಟವೆಲ್ ಕೈಯಲ್ಲಿ ಹಿಡಿದು ನಿಂತಿದ್ದ. “ಮಾರ್ಕಿಂಗ್ ನಿನ್ನ ಕೆಲಸ. ರಾತ್ರಿ ಕುಡಿದು ಸುಣ್ಣ ಚೆಲ್ಲಿದೀಯಾ? ನಿನ್ನ ಗ್ಯಾಂಗ್ ಕಟ್ಟಿಕೊಂಡು ಊರಿಗೆ ಹೋಗು” ಅಂತ ಇಂಜಿನಿಯರ್ ಹಿಂದಿಯಲ್ಲಿ ಕೂಗುತ್ತಿದ್ದರು. ಹಂಪಯ್ಯ ಒಂದೇ ಮಾತು: “ನಂದ ತಪ್ಪರಿ.”

ಆಗ ಇಂಜಿನಿಯರ್ ಮಕ್ಕಳ ಕಡೆ ತಿರುಗಿದರು. ಹನ್ನೊಂದು ಮಂದಿಯನ್ನೂ ಸಾಲಾಗಿ ನಿಲ್ಲಿಸಿದ್ದರು. ತೆಲುಗಿನಲ್ಲಿ ಕೇಳಿದರು, ಹಿಂದಿಯಲ್ಲಿ ಕೇಳಿದರು, ಕೊನೆಗೆ ಮುರುಕು ಕನ್ನಡದಲ್ಲಿ: “ಈ ಸುಣ್ಣ ಯಾರು ಹಾಕಿದ್ದು?”

ಯಾರೂ ಮಾತಾಡಲಿಲ್ಲ.

ಸೈಲೆನ್ಸ್, ಸೈಲೆನ್ಸ್ ಅಂತ ನಾನು ಹತ್ತು ವಾರ ಗಂಟಲು ಹರಿದುಕೊಂಡರೂ ಬಾಯಿ ಮುಚ್ಚದವರು! ಗುರುದೇವಿ ಕೈ ಹಿಂದೆ ಕಟ್ಟಿ ಆಕಾಶ ನೋಡುತ್ತಿದ್ದಳು. ಹುಸೇನಪ್ಪ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದ, ತಪ್ಪಿ ಮಾತು ಹೊರಬಂದೀತು ಅಂತ. ನಾನು ಶೆಡ್ಡಿನ ಹಿಂದೆ, ಕಂಕುಳಲ್ಲಿ ರಬ್ಬರ್ ಡಬ್ಬಿ.

ಏಳನೇ ಕ್ಲಾಸಿನಲ್ಲಿ ಹಾಸ್ಟೆಲ್ ಟಿವಿ ಒಡೆದಾಗ ವಾರ್ಡನ್ ಹೀಗೇ ಸಾಲು ನಿಲ್ಲಿಸಿ ಕೇಳಿದ್ದರು. ಮೂವತ್ತು ಮಂದಿ ಹೀಗೇ ಆಕಾಶ ನೋಡಿದ್ದರು. ದಸರಾ ರಜೆ ಎಲ್ಲರಿಗೂ ಕಟ್ ಆಯಿತು. ಒಡೆದವನು ನಾನು. ಇಲ್ಲಿಯವರೆಗೂ ಯಾರಿಗೂ ಹೇಳಿಲ್ಲ, ಇದೇ ಮೊದಲು ಬರೆದದ್ದು.

ನಿನ್ನೆ ಮೇಸ್ತ್ರಿ ಏನು ಹೇಳಿದ್ದು ಅಂತ ಆಗ ನೆನಪಾಯಿತು. ‘ಸಂಜಿಯೊಳಗ ಅಳಿಸಿ ಹೋಗ್ರಿ ಮಾಸ್ತರ, ನಾಳೆ ಗಾಡಿ ಬರತೈತಿ.’

ಹೊರಗೆ ಬಂದೆ. “ಸರ್, ಐ ಡಿಡ್ ಇಟ್. ನಾನು ಹಾಕಿಸಿದ್ದು. ಅಳಿಸು ಅಂತ ಅವರು ಹೇಳಿದ್ದರು. ಅಳಿಸದೆ ಹೋದೆ.”

ಇಂಜಿನಿಯರ್ ನನ್ನನ್ನು ನೋಡಿದರು, ಹೊಂಡ ನೋಡಿದರು. “ಏನಿದು?”

“ಡೈನೋಸಾರ್, ಸರ್.”

ಹಿಂದೆ ಗುಂಡಮ್ಮ ಹಣೆ ಬಡಿದುಕೊಂಡ ಸದ್ದು ಕೇಳಿಸಿತು.

ನವೆಂಬರ್ 18, ಮಂಗಳವಾರ

ಇಂಜಿನಿಯರ್ ಕಾಲೇಜಿಗೆ ಫೋನ್ ಮಾಡಿದ್ದಾರೆ. ಸ್ನೇಹಲತಾ ಮ್ಯಾಮ್ ಕರೆಸಿ ಇಪ್ಪತ್ತು ನಿಮಿಷ ಬೈದರು. ಸೈಟಿನವರು ಕಂಪ್ಲೇಂಟ್ ವಾಪಸ್ ತಗೊಂಡರೆ ಮಾತ್ರ ನನ್ನ ತಾಸು ಉಳಿಯುತ್ತೆ, ಇಲ್ಲದಿದ್ದರೆ ಸೊನ್ನೆ. ಸೊನ್ನೆ ಅಂದರೆ ಸೀಟ್ ಇಲ್ಲ.

ಸೈಟಿಗೆ ಹೋಗಿ ಇಂಜಿನಿಯರ್ ಮುಂದೆ ನಿಂತೆ. ಜೆಸಿಬಿ ಹಿಂದಿನ ಸಂಪು ತೋಡಿ ಬೇರೆ ಸೈಟಿಗೆ ಹೋಗಿಯಾಗಿತ್ತು. ಡಿಸೆಂಬರ್ ಹನ್ನೆರಡಕ್ಕೆ ಪಾರ್ಕಿಂಗ್ ನೆಲಕ್ಕೆ ಕಾಂಕ್ರೀಟ್ ಹಾಕಬೇಕು, ಅದಕ್ಕೆ ಮುಂಚೆ ಹೊಂಡ ಮುಚ್ಚಿ ಗಟ್ಟಿ ಮಾಡಿರಬೇಕು, ಹಂಪಯ್ಯನ ಮಂದಿ ಕೆಲಸ ಬಿಟ್ಟು ಬರುವ ಹಾಗಿಲ್ಲ ಅಂದರು. “ನಾನು ಮುಚ್ಚುತ್ತೇನೆ ಸರ್” ಅಂದೆ. ಇಂಜಿನಿಯರ್ ನಕ್ಕರು. ಹಂಪಯ್ಯನೂ ನಕ್ಕ. ಆಮೇಲೆ ಹಂಪಯ್ಯ ಒಳಗೆ ಹೋಗಿ ಒಂದು ಸಲಿಕೆ ತಂದುಕೊಟ್ಟ.

ನವೆಂಬರ್ 20

ಎರಡು ಸಂಜೆಗೆ ಬಾಲದ ತುದಿ ಒಂದು ಮೊಳ ಮುಚ್ಚಿದೆ. ಕೈತುಂಬ ಬೊಬ್ಬೆ. ಪೆನ್ನು ಹಿಡಿಯೋಕೆ ಆಗುತ್ತಿಲ್ಲ.

ನವೆಂಬರ್ 21

ಗುಂಡಮ್ಮ ನಿಂತು ನೋಡಿದಳು. “ಸರ್ರ, ಅದು ಸಲಿಕಿ, ಚಮಚ ಅಲ್ಲ.” ಕೈ ಬದಲಿಸಿ ಹಿಡಿಯೋದು ತೋರಿಸಿದಳು. ಬೆನ್ನು ಬಗ್ಗಿಸಬೇಡಿ, ಮೊಣಕಾಲು ಬಗ್ಗಿಸಿ. “ನಿಮ್ಮವ್ವ ನೋಡಿದ್ರ ನಮಗ ಬೈತಾಳ” ಅಂದು ತಾನೇ ಹತ್ತು ಪುಟ್ಟಿ ಮಣ್ಣು ಹಾಕಿ ಹೋದಳು, ದಿನವಿಡೀ ಸ್ಲ್ಯಾಬಿಗೆ ಇಟ್ಟಿಗೆ ಹೊತ್ತವಳು. ಥ್ಯಾಂಕ್ಸ್ ಅಂದೆ. “ಥ್ಯಾಂಕ್ಸ ಪುಟ್ಟಿ ಹೊರಂಗಿಲ್ರಿ” ಅಂದಳು.

ನವೆಂಬರ್ 23, ರವಿವಾರ

ಪಾಠ ಬಾಲದೊಳಗೆ ಮಾಡಿದೆ. ಬೇರೆ ದಾರಿ ಇರಲಿಲ್ಲ. ಮುಚ್ಚುತ್ತಲೂ ಇರಬೇಕು, ಕಲಿಸುತ್ತಲೂ ಇರಬೇಕು. ಒಂದು ಪುಟ್ಟಿ ಮಣ್ಣಿಗೆ ಒಂದು ವಾಕ್ಯ ಅಂತ ಗುರುದೇವಿಯೇ ರೂಲ್ ಮಾಡಿದಳು. “ಇಟ್ ಈಟ್ಸ್ ಲೀವ್ಸ್!” ಮಣ್ಣು. “ಇಟ್ ಈಟ್ಸ್ ಮೀಟ್!” ಮಣ್ಣು. ಹುಸೇನಪ್ಪ ಎಲ್ಲದಕ್ಕೂ ಮೀಟ್ ಅಂತಾನೆ. ಗಿಡ ತಿನ್ನೋದಕ್ಕೂ ಮೀಟ್. ಅವನನ್ನು ಎತ್ತಿ ಹೊಂಡದ ಹೊರಗೆ ಕೂರಿಸಿದರೆ ಉರುಳಿಕೊಂಡು ಮತ್ತೆ ಒಳಗೆ ಬರುತ್ತಾನೆ.

ಮಧ್ಯಾಹ್ನ ಗುಂಡಮ್ಮಕ್ಕ ರೊಟ್ಟಿ, ಶೇಂಗಾಚಟ್ನಿ ಕೊಟ್ಟಳು. ಹೊಟ್ಟೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ತಿಂದೆವು. ಹಂಪಯ್ಯ ಕಾಕಾ ದಿಮ್ಮಸಿನಿಂದ ಮಣ್ಣು ಬಡಿದು ಗಟ್ಟಿ ಮಾಡೋದು ಹೇಳಿಕೊಟ್ಟ. ಮಣ್ಣು ಹಾಕೋದು ದೊಡ್ಡದಲ್ಲ, ಕೂರಿಸೋದು ದೊಡ್ಡದು ಅಂದ. ನೀರು ಬಿಡಬೇಕು, ಬಡಿಯಬೇಕು, ಮತ್ತೆ ಹಾಕಬೇಕು. ನಾನು ಬಡಿದದ್ದನ್ನು ಹಿಮ್ಮಡಿಯಿಂದ ಒತ್ತಿ ನೋಡಿ, “ಇದು ಕುಂತಿಲ್ಲ. ತಗೀರಿ, ಮತ್ತ ಹಾಕ್ರಿ” ಅಂದ. ಒಂದು ತಾಸಿನ ಕೆಲಸ! ಎಷ್ಟು ಸಿಟ್ಟು ಬಂತು ಅಂದರೆ, ತೆಗೆದು ಮತ್ತೆ ಹಾಕಿದೆ.

ವಾಪಸ್ ಹೊರಟಾಗ ನಾಲ್ಕೂವರೆ.

ಡಿಸೆಂಬರ್ 7, ರವಿವಾರ

ಬಾಲ ಮುಗಿಯಿತು. ಹೊಟ್ಟೆಯಲ್ಲಿ ಒಂದು ಮೊಳ ಉಳಿದಿತ್ತು. ಇವತ್ತು ಮುಗಿಸಬೇಕು, ಶುಕ್ರವಾರ ಕಾಂಕ್ರೀಟ್.

ಹತ್ತು ಗಂಟೆಗೆ ಗುರುದೇವಿ ರಬ್ಬರ್ ಡಬ್ಬಿ ಹೊತ್ತು ಬಂದು ಹೊಟ್ಟೆಯೊಳಗೆ ಇಟ್ಟಳು. ಹಿಂದೆ ಹತ್ತು ಮಂದಿ.

“ಸರ್ರ, ಒಂದು ಇಲ್ಲಿ ಇಡೂಣು.”

“ಏನು?”

“ಒಂದು ಡೈನೋಸಾರ. ಮುಚ್ಚಿದ್ರ ಉಳಿತಾವ ಅಂದಿದ್ರಲ್ಲ? ಬೇಗ ಮುಚ್ಚಬೇಕು ಅಂದಿದ್ರಿ.”

“ಅದು ಎಲುಬು. ಇದು ರಬ್ಬರ್. ಮತ್ತೆ ಇದು ಕಾಲೇಜಿನದು. ನನ್ನ ಸಹಿ ಇದೆ. ಹನ್ನೆರಡು ತಂದಿದ್ದೇನೆ, ಹನ್ನೆರಡು ವಾಪಸ್ ಕೊಡಬೇಕು. ಇಲ್ಲ.”

“ಇಲ್ಲಿ ಎಂದೂ ಸಿಗಂಗಿಲ್ಲ ಅಂದ್ರಿ. ಇಟ್ರ ಸಿಗತೈತಲ್ರಿ.”

“ಇಲ್ಲ ಅಂದರೆ ಇಲ್ಲ.”

“ಬಿಲ್ಡಿಂಗ ಮುಗದ ಮ್ಯಾಲ ನಮ್ಮನ್ನ ಒಳಗ ಬಿಡಂಗಿಲ್ರಿ” ಅಂದಳು. ಅಳುವ ಧ್ವನಿಯಲ್ಲ, ಫೂಟು ಹೇಳುವ ಧ್ವನಿ. “ಮಿಯಾಪುರದಾಗ ಒಂದ ಕಟ್ಟಿದ್ವಿ, ಬಿಡಲಿಲ್ಲ. ಕೊಂಪಲ್ಲ್ಯಾಗ ಕಟ್ಟಿದ್ವಿ, ವಾಚ್‌ಮ್ಯಾನ ಬಡಿಗಿ ತೋರಿಸಿದ. ಇದಾದ್ರೂ ಒಳಗ ಇರತೈತಿ.”

ಮೂರನೇ ಸಲ ಇಲ್ಲ ಅಂದೆ. ಯಾರೂ ಜಗಳ ಆಡಲಿಲ್ಲ. ಜಗಳ ಆಡಿದ್ದರೆ ಒಳ್ಳೆಯದಿತ್ತು. ಸುಮ್ಮನೆ ಡಬ್ಬಿ ನೋಡುತ್ತಾ ಕೂತರು. ನಾನು ಎರಡು ಪುಟ್ಟಿ ಮಣ್ಣು ಹಾಕಿದೆ, ಮೂರನೆಯದನ್ನು ಅಲ್ಲೇ ಇಟ್ಟೆ. ಹಾರೆ ತಗೊಂಡು ಹೊಟ್ಟೆಯ ಮಧ್ಯ ಮೊಣಕೈ ಆಳ ತೋಡಿದೆ.

ಆಮೇಲೆ ಯಾವುದನ್ನು ಇಡೋದು ಅಂತ ಅರ್ಧ ತಾಸು ಕೂಗಾಟ. ಉದ್ದ ಕತ್ತಿನದು ಅಂತ ಗುರುದೇವಿ, ಎಮ್ಮೆ ಅಂತ ಮೂರು ಮಂದಿ. ಹುಸೇನಪ್ಪ ಟಿ-ರೆಕ್ಸ್ ತಬ್ಬಿಕೊಂಡು, “ಇದಕ್ಕ ನನ್ನ ಹಲ್ಲ ಅದಾವ” ಅಂದ. ಅದನ್ನೇ ಇಟ್ಟೆವು. ಮುಂದೆ ಯಾವ ಜಿಯಾಲಜಿಸ್ಟ್ ಇದನ್ನು ತೆಗೆದರೂ, ಟಿ-ರೆಕ್ಸನ್ನು ಬೇಟೆಯಾಡುತ್ತಿದ್ದ ಹಾಲುಹಲ್ಲಿನ ಪ್ರಾಣಿ ಅಂತ ಒಂದು ಪೇಪರ್ ಬರೆಯಬೇಕಾಗುತ್ತೆ, ಪಾಪ.

ಮಣ್ಣು ಹಾಕಿ ನೀರು ಬಿಟ್ಟು ಬಡಿದೆ. ಹಂಪಯ್ಯ ಕಾಕಾ ಹಿಮ್ಮಡಿಯಿಂದ ಒತ್ತಿ ನೋಡಿದ. “ಕುಂತೈತಿ” ಅಂದ.

ಡಿಸೆಂಬರ್ 12, ಶುಕ್ರವಾರ

ಕಾಂಕ್ರೀಟ್ ಬಿತ್ತು. ಇಂಜಿನಿಯರ್ ಕಂಪ್ಲೇಂಟ್ ವಾಪಸ್ ತಗೊಂಡರು. ಡಬ್ಬಿಯಲ್ಲಿ ಹನ್ನೊಂದು. ಅಬಿಡ್ಸಿನಲ್ಲಿ ನಾಲ್ಕು ಅಂಗಡಿ ಹುಡುಕಿದೆ, ಅಂಥದು ಎಲ್ಲೂ ಇಲ್ಲ. ಎಂಥ ಕೆಲಸ ಮಾಡಿಕೊಂಡೆ.

ಡಿಸೆಂಬರ್ 14, ರವಿವಾರ

ಮ್ಯಾಮ್ ಹನ್ನೊಂದಕ್ಕೆ ಬಂದರು, ಫೋನ್ ಸ್ಟ್ಯಾಂಡ್ ಸಮೇತ. ಸಿಮೆಂಟ್ ಚೀಲಗಳ ಮುಂದೆ ಸಾಲು. ಮೊದಲು ಗುರುದೇವಿ. “ದಿಸ್ ಈಸ್ ಸಾರೋಪಾಡ್. ಇಟ್ ಈಟ್ಸ್ ಲೀವ್ಸ್. ಇಟ್ ಈಸ್ ಥರ್ಟಿ ಫೂಟ್.” ಇಲ್ಲಿಗೆ ನಿಲ್ಲಿಸಬೇಕಿತ್ತು. ಲಂಗದ ಸೊಂಟದಿಂದ ಮುತ್ಯಾನ ದಾರದ ಉಂಡೆ ತೆಗೆದು, ಒಂದು ತುದಿ ಮ್ಯಾಮ್ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಹೊರಗೆ ನಡೆದಳು. ಬಾಗಿಲು ದಾಟಿದಳು, ಮೂಲೆ ತಿರುಗಿದಳು. ದಾರ ಹೋಗುತ್ತಲೇ ಇದೆ. ಮ್ಯಾಮ್ ತುದಿ ಹಿಡಿದುಕೊಂಡು, “ವೇರ್ ಈಸ್ ಶಿ ಗೋಯಿಂಗ್?” ಅಂದರು. ಹೊರಗಿಂದ ಕೂಗು ಬಂತು: “ಬಾಲ ಇಲ್ಲೀ ಮಟಾ ಐತ್ರಿ!” ವಿಡಿಯೋದಲ್ಲಿ ಇದೆಲ್ಲ ಬಂದಿದೆ.

ಉಳಿದವರು ಪರವಾಗಿಲ್ಲ, ನಾಲ್ಕು ಮಂದಿ ಮರೆತರು. ಕೊನೆಗೆ ಹುಸೇನಪ್ಪ. ಅವನಿಗೆ ಬೇರೆ ಡೈನೋಸಾರ್ ಕೊಟ್ಟು ಹದಿನೈದು ಸಲ ಹೇಳಿಸಿದ್ದೆ. ಅದನ್ನು ಕೆಳಗಿಟ್ಟ. ಎರಡೂ ಮೊಣಕೈ ಪಕ್ಕೆಗೆ ಒತ್ತಿ, ಗಿಡ್ಡ ಕೈ ಮಾಡಿ, ಬರಿಗೈಯಲ್ಲಿ ನಿಂತು, “ದಿಸ್ ಈಸ್ ಟಿ-ರೆಕ್ಸ್! ಇಟ್ ಈಟ್ಸ್ ಮೀಟ್!” ಅಂತ ಕಿರುಚಿದ. ಅವನ ಜೀವನದಲ್ಲಿ ಮೊದಲ ಸಲ ಸರಿ ಹೇಳಿದ.

ಮ್ಯಾಮ್ ಡಬ್ಬಿ ಎಳೆದುಕೊಂಡು ಎಣಿಸಿದರು. ಮತ್ತೆ ಎಣಿಸಿದರು. ಟಿ-ರೆಕ್ಸ್ ಎಲ್ಲಿ ಅಂತ ಮಕ್ಕಳನ್ನು ಕೇಳಿದರು.

ಗುರುದೇವಿ ಆಕಾಶ ನೋಡಿದಳು. ಹುಸೇನಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಉಳಿದ ಒಂಬತ್ತು ಮಂದಿ ಕೈ ಹಿಂದೆ ಕಟ್ಟಿದರು. ಬಾಗಿಲಲ್ಲಿ ನಿಂತಿದ್ದ ಹಂಪಯ್ಯ ಕಾಕಾ ಬೀಡಿ ಹುಡುಕುವವನ ಹಾಗೆ ಜೇಬು ತಡಕಾಡಿದ.

“ಬಸವಕಿರಣ?”

ನನ್ನ ಕೈಯೂ ಹಿಂದೆ ಹೋಗಿತ್ತು. ತಗಡಿನ ತೂತಿನಲ್ಲಿ ಸ್ವಲ್ಪ ಆಕಾಶ ಕಾಣುತ್ತಿತ್ತು, ಅದನ್ನೇ ನೋಡಿದೆ.

ಮ್ಯಾಮ್ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಕಿಟ್ ಪೂರ್ತಿ ಇಲ್ಲದೆ ಅರವತ್ತಕ್ಕೆ ಸಹಿ ಹಾಕೋಕೆ ಬರೋದಿಲ್ಲ, ಐವತ್ತಾರು ಹಾಕುತ್ತೇನೆ, ಜನವರಿ ನಾಲ್ಕಕ್ಕೆ ಇಲ್ಲೇ ಇನ್ನೊಂದು ದಿನ ಮಾಡು, ಆಮೇಲೆ ಕ್ರೆಡಿಟ್ ಅಂದರು. ಇನ್ನೂ ಒಂದು ರವಿವಾರ! ಮತ್ತೆ ಆರಕ್ಕೆ ಏಳಬೇಕು, ಮತ್ತೆ ಆ ಬಸ್ಸು, ಮತ್ತೆ ಈ ಹನ್ನೊಂದು ಬಾಯಿ. ರಜೆಯಲ್ಲಿ ಊರಿಗೆ ಹೋದವನು ಎರಡು ದಿನ ಮುಂಚೆ ವಾಪಸ್ ಬರಬೇಕು. ಅಮ್ಮನಿಗೆ ಏನು ಹೇಳಲಿ? ಸಿಕ್ಕಾಪಟ್ಟೆ ಶೇಂಗಾಚಟ್ನಿ ಕಟ್ಟಿಕೊಡು ಅಂದರೆ ಯಾರಿಗೆ ಅಂತಾಳೆ.

ಗೇಟಿನವರೆಗೆ ಗುರುದೇವಿ ಬಂದಳು, ದಾರ ಸುತ್ತಿಕೊಳ್ಳುತ್ತಾ. ಹೊಸ ಕಾಂಕ್ರೀಟಿನ ಮೇಲೆ ನಿಂತು, ಹಿಮ್ಮಡಿಯಿಂದ ಒತ್ತಿ ನೋಡಿದಳು.

“ಸರ್ರ, ಎಷ್ಟ ವರ್ಷ ಅಂದಿದ್ರಿ?”

“ಆರೂವರೆ ಕೋಟಿ.”

“ಅಲ್ಲೀತನಕ ಯಾರಿಗೂ ಹೇಳಬ್ಯಾಡ್ರಿ” ಅಂದಳು.